ಅರಳಿಕಟ್ಟೆಯ ಲೆಕ್ಕ: ಸ್ವಯಂಸೇವಾ ತಂತ್ರಾಂಶ ಸಮುದಾಯಗಳ ಆಡಳಿತ ಮತ್ತು ಪಾರದರ್ಶಕತೆ

ಕನ್ನಡ ವಿಕಿಪೀಡಿಯವು 2003ರ ಜೂನ್ ತಿಂಗಳಿನಲ್ಲಿ ಆರಂಭವಾಯಿತು. ಅದರ ಸಂಪಾದಕರು ತಮ್ಮ ಸಾಮೂಹಿಕ ಚರ್ಚೆಗೆಂದು ಮೀಸಲಿಟ್ಟ ಪುಟಕ್ಕೆ 'ಅರಳಿಕಟ್ಟೆ' ಎಂದು ಹೆಸರಿಟ್ಟರು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದೇ ಬಗೆಯ ಪುಟಕ್ಕೆ ಊರ ನಡುವಿನ ನೀರಿನ ಪಂಪಿನ ಹೆಸರಿದೆ. ಕನ್ನಡದವರು ಆ ಹೆಸರನ್ನು ಅನುವಾದಿಸುವ ಗೋಜಿಗೆ ಹೋಗದೆ ತಮ್ಮ ಊರಿನ ಜಗಲಿಯನ್ನೇ ಗಣಕದೊಳಕ್ಕೆ ಕರೆತಂದರು. ಈ ಆಯ್ಕೆ ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾದುದು. ಹೊಸ ತಂತ್ರಜ್ಞಾನದ ಸಮುದಾಯವೊಂದು ತನ್ನ ಆಡಳಿತದ ನೆಲೆಯನ್ನು ಹಳೆಯ ಜನಪದ ಸಂಸ್ಥೆಯ ಹೆಸರಿನಿಂದ ಗುರುತಿಸಿಕೊಂಡಾಗ, ಆ ಸಂಸ್ಥೆಯ ಗುಣಗಳ ಜೊತೆಗೆ ಅದರ ದೋಷಗಳೂ ಬಂದಿವೆಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಕೂಲಿಯಿಲ್ಲದೆ ದುಡಿಯುವ ಸಮುದಾಯಗಳಲ್ಲಿ ಅಧಿಕಾರ ಹೇಗೆ ಹುಟ್ಟುತ್ತದೆ, ಅದು ಯಾರಿಗೆ ಲೆಕ್ಕ ಒಪ್ಪಿಸುತ್ತದೆ, ಲೆಕ್ಕ ಬಹಿರಂಗವಾಗಿದ್ದ ಮಾತ್ರಕ್ಕೆ ನ್ಯಾಯ ದೊರೆಯುತ್ತದೆಯೇ ಎಂಬುದನ್ನು ಪ್ರಸ್ತುತ ಪ್ರಬಂಧವು ಪರಿಶೀಲಿಸುತ್ತದೆ. ಇದಕ್ಕಾಗಿ ಒಂದು ಕಡೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಗ್ರಾಮ ಸಂಸ್ಥೆಗಳನ್ನೂ ಇನ್ನೊಂದು ಕಡೆ ಮುಕ್ತ ತಂತ್ರಾಂಶ ಸಮುದಾಯಗಳ ಮೂರು ದಶಕಗಳ ಅನುಭವವನ್ನೂ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ದೈವ ಮತ್ತು ಪಟ್ಟಿ

ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರುಗಳನ್ನು ಒಳಗೊಂಡ ಈ ಭಾಗದಲ್ಲಿ 'ದೈವ' ಎಂಬ ಪದಕ್ಕೆ ದೇವರು ಎಂಬ ಅರ್ಥದ ಜೊತೆಗೆ ಊರ ಸಭೆ ಎಂಬ ಅರ್ಥವೂ ಉಂಟು. 'ದೈವ ಕೂಡಿತು' ಎಂದರೆ ಊರ ಹಿರಿಯರು ಒಂದೆಡೆ ಸೇರಿದರು ಎಂದೇ ತಾತ್ಪರ್ಯ. ಜಾತ್ರೆ, ತೇರು, ಗುಡಿಯ ಜೀರ್ಣೋದ್ಧಾರ, ಬಯಲಾಟ ಇವೆಲ್ಲ ಸರಕಾರದ ಹಣದಿಂದ ನಡೆದುಬಂದ ಕಾರ್ಯಗಳಲ್ಲ. ಮನೆಮನೆಯಿಂದ ಪಟ್ಟಿ ಎತ್ತಿ, ಕಾಳುಕಡಿ ಕೂಡಿಸಿ, ಮೈದುಡಿಮೆ ಸೇರಿಸಿ ಅವನ್ನು ನಡೆಸಲಾಗುತ್ತದೆ. ಡಂಗುರ ಸಾರಿ ದಿನ ಗೊತ್ತುಪಡಿಸುವುದು, ಕೊಟ್ಟವರ ಹೆಸರು ಮತ್ತು ಮೊತ್ತವನ್ನು ಎಲ್ಲರೂ ಕೇಳುವಂತೆ ಓದುವುದು, ಕಾರ್ಯ ಮುಗಿದ ಮೇಲೆ ಜಮಾ ಖರ್ಚು ಒಪ್ಪಿಸುವುದು ಈ ವ್ಯವಸ್ಥೆಯ ಅಂಗಗಳು. ಇಲ್ಲಿ ಓದುವಿಕೆಯೇ ಲೆಕ್ಕ ತಪಾಸಣೆ. ಓದಿದ ಹೆಸರಿನಲ್ಲಿ ತಪ್ಪಿದ್ದರೆ ಕುಳಿತವರಲ್ಲಿ ಒಬ್ಬರಾದರೂ ಎದ್ದು ಕೇಳುತ್ತಾರೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಇದೇ ಮಾದರಿಯ ವಿಸ್ತೃತ ರೂಪವೆನ್ನಬಹುದು. ಹಿಂದೂ ಮುಸ್ಲಿಮರಿಬ್ಬರೂ ಪಾಲ್ಗೊಳ್ಳುವ ಈ ಆಚರಣೆಯಲ್ಲಿ ಬೇರೆ ಬೇರೆ ಮನೆತನಗಳಿಗೆ ಬೇರೆ ಬೇರೆ ಸೇವೆಗಳಿವೆ. ಸಂಬಳದ ನೌಕರರ ಪಡೆಯೊಂದು ಇದನ್ನು ನಡೆಸುವುದಿಲ್ಲ. ಮಾಡಬೇಕಾದವರು ಯಾರು ಎಂಬುದು ಊರಿಗೆಲ್ಲ ಗೊತ್ತಿರುವುದರಿಂದಲೇ ಕೆಲಸ ನಿಲ್ಲುವುದಿಲ್ಲ.

ಈ ಪದ್ಧತಿಗೆ ಶಾಸನ ಪರಂಪರೆಯ ಹಿನ್ನೆಲೆಯೂ ಇದೆ. ಕನ್ನಡ ನಾಡಿನ ದಾನಶಾಸನಗಳು ದಾನಿ, ಸ್ವೀಕರಿಸಿದವರು, ಭೂಮಿಯ ಎಲ್ಲೆ, ಉದ್ದೇಶ, ಹೊಣೆ ಹೊತ್ತ ಮಹಾಜನರು ಇವುಗಳನ್ನು ದಾಖಲಿಸಿ, ತಪ್ಪಿ ನಡೆದವರಿಗೆ ಶಾಪ ಹಾಕುವುದರೊಂದಿಗೆ ಮುಗಿಯುತ್ತವೆ. ಗುಡಿಯ ಮುಂದೆ ನಿಂತ ಆ ಕಲ್ಲು ಪೆಟ್ಟಿಗೆಯೊಳಗಿನ ಕಾಗದವಲ್ಲ, ಬಯಲಿನ ಲೆಕ್ಕ.

ಆದರೆ ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಜನಪದವನ್ನು ಆದರ್ಶೀಕರಿಸುವ ಹಳೆಯ ಚಾಳಿಯಾದೀತು. ಕಟ್ಟೆಯ ಮೇಲೆ ಕುಳಿತವರು ಯಾರು? ಗೌಡ, ಕುಲಕರ್ಣಿ ಹಾಗೂ ಹೊಲವುಳ್ಳ ಮನೆತನಗಳ ಗಂಡಸರು. ಹೆಂಗಸರು ದೂರದಿಂದ ಕೇಳಿಸಿಕೊಂಡರು. ದಲಿತರು ಕಟ್ಟೆಯ ಕೆಳಗೆ, ಹಲವು ಕಡೆ ಅದರಿಂದಲೂ ಆಚೆಗೆ ನಿಂತರು. ಜಾತ್ರೆಗೆ ಅವರ ದುಡಿಮೆ ಬೇಕಿತ್ತು, ಡಂಗುರಕ್ಕೆ ಅವರ ದನಿ ಬೇಕಿತ್ತು, ತೀರ್ಮಾನಕ್ಕೆ ಅವರ ಮಾತು ಬೇಕಿರಲಿಲ್ಲ. ಲೆಕ್ಕ ಎಲ್ಲರಿಗೂ ಕೇಳಿಸುತ್ತಿತ್ತು, ಪ್ರಶ್ನಿಸುವ ಹಕ್ಕು ಕೆಲವರಿಗೆ ಮಾತ್ರ ಇತ್ತು. ಪಾರದರ್ಶಕತೆ ಮತ್ತು ಪಾಲ್ಗೊಳ್ಳುವಿಕೆ ಎರಡೂ ಒಂದೇ ಅಲ್ಲ ಎಂಬ ಮೊದಲ ಪಾಠ ನಮಗೆ ಅರಳಿಕಟ್ಟೆಯಿಂದಲೇ ದೊರೆಯುತ್ತದೆ.

ಬರೆದಿಟ್ಟ ಒಡಂಬಡಿಕೆ

ಮುಕ್ತ ತಂತ್ರಾಂಶದ ಚಳವಳಿಯು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯಿಂದ ಸ್ಪಷ್ಟ ರೂಪ ಪಡೆಯಿತು. ತಂತ್ರಾಂಶವನ್ನು ಬಳಸುವ, ಅದರ ಮೂಲ ಸಂಕೇತವನ್ನು ಓದುವ, ತಿದ್ದುವ ಮತ್ತು ಹಂಚುವ ಸ್ವಾತಂತ್ರ್ಯ ಬಳಕೆದಾರರಿಗೆ ಇರಬೇಕೆಂಬುದು ಇದರ ತಿರುಳು. 1989ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿ ಬಂದಿತು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದರು. ಹಲವು ದೇಶಗಳ ಸಾವಿರಾರು ಜನ ಒಬ್ಬರ ಮುಖವನ್ನೊಬ್ಬರು ಕಾಣದೆ ಕೂಡಿ ಕೆಲಸ ಮಾಡುವ ಸ್ಥಿತಿ ಒದಗಿದಾಗ ಪರವಾನಗಿಯೊಂದೇ ಸಾಲಲಿಲ್ಲ, ಆಡಳಿತ ನಿಯಮಗಳೂ ಬೇಕಾದವು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆ ಈ ದಿಸೆಯಲ್ಲಿ ಮಹತ್ವದ ನಿದರ್ಶನ. ಅದು 1997ರಲ್ಲಿ ಸಾಮಾಜಿಕ ಒಡಂಬಡಿಕೆಯನ್ನೂ 1998ರಲ್ಲಿ ಸಂವಿಧಾನವನ್ನೂ ಅಂಗೀಕರಿಸಿತು. ತಂತ್ರಾಂಶದಲ್ಲಿನ ದೋಷಗಳನ್ನು ಮುಚ್ಚಿಡುವುದಿಲ್ಲ, ದೋಷಗಳ ದಾಖಲೆ ಸದಾ ಸಾರ್ವಜನಿಕವಾಗಿರುತ್ತದೆ ಎಂಬ ಭರವಸೆ ಆ ಒಡಂಬಡಿಕೆಯಲ್ಲಿದೆ. ಯಾರನ್ನೂ ಕೆಲಸ ಮಾಡಲೇಬೇಕೆಂದು ಕಟ್ಟಿಹಾಕುವಂತಿಲ್ಲ, ಹಾಗೆಂದು ನಿಯಮಾನುಸಾರ ಕೈಗೊಂಡ ತೀರ್ಮಾನವನ್ನು ಯಾರೂ ಕೆಡಿಸುವಂತಿಲ್ಲ ಎಂಬ ಮಾತು ಸಂವಿಧಾನದಲ್ಲಿದೆ. ನಾಯಕರ ಚುನಾವಣೆ ವರ್ಷಕ್ಕೊಮ್ಮೆ ನಡೆಯುತ್ತದೆ. ಸದಸ್ಯರು ಸಾಮಾನ್ಯ ನಿರ್ಣಯದ ಮೂಲಕ ನಾಯಕರ ತೀರ್ಮಾನವನ್ನು ಬದಲಿಸಬಹುದು.

ಸಂಬಳ ಕೊಡುವ ಸಂಸ್ಥೆಯಲ್ಲಿ ಆಜ್ಞೆಯ ಬೆನ್ನಿಗೆ ವೇತನವಿರುತ್ತದೆ. ಸ್ವಯಂಸೇವಾ ಸಮುದಾಯದಲ್ಲಿ ಆಜ್ಞೆಯ ಬೆನ್ನಿಗಿರುವುದು ನಂಬಿಕೆ ಮಾತ್ರ. ಆ ನಂಬಿಕೆಗೆ ಆಧಾರ ತೆರೆದ ದಾಖಲೆ. ಯಾರು, ಯಾವಾಗ, ಏನನ್ನು, ಯಾಕಾಗಿ ಬದಲಿಸಿದರು ಎಂಬುದು ಕಾಣದಿದ್ದರೆ ದುಡಿಯುವವರು ಸದ್ದಿಲ್ಲದೆ ಎದ್ದು ಹೋಗುತ್ತಾರೆ. ಪಟ್ಟಿಯ ಲೆಕ್ಕ ಓದದ ಊರಿನಲ್ಲಿ ಮುಂದಿನ ವರ್ಷ ಪಟ್ಟಿ ಏಳುವುದಿಲ್ಲ.

ಸಾಮೂಹಿಕ ಸಂಪನ್ಮೂಲಗಳ ಆಡಳಿತವನ್ನು ಕುರಿತ ಎಲಿನಾರ್ ಆಸ್ಟ್ರಮ್ ಅವರ 1990ರ ಕೃತಿಯು ಇದನ್ನೇ ಶಾಸ್ತ್ರೀಯವಾಗಿ ನಿರೂಪಿಸಿತು. ನಿಯಮ ರೂಪಿಸುವಲ್ಲಿ ಬಳಕೆದಾರರ ಪಾಲು, ಬಳಕೆದಾರರಿಗೆ ಹೊಣೆಯಾದ ಮೇಲ್ವಿಚಾರಣೆ, ಹಂತಹಂತವಾದ ದಂಡನೆ, ಸುಲಭವಾದ ವ್ಯಾಜ್ಯ ಪರಿಹಾರ ಇವು ದೀರ್ಘಕಾಲ ಬಾಳಿದ ಸಂಸ್ಥೆಗಳ ಸಮಾನ ಲಕ್ಷಣಗಳೆಂದು ಅವರು ಗುರುತಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಅವರಿಗೂ ಮುನ್ನ 1988ರಲ್ಲಿ ರಾಬರ್ಟ್ ವೇಡ್ ರಾಯಚೂರಿಗೆ ನೆರೆಯ ಕರ್ನೂಲು ಜಿಲ್ಲೆಯ ನೀರಾವರಿ ಊರುಗಳನ್ನು ಕುರಿತ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದರು. ಊರೇ ನೇಮಿಸಿಕೊಂಡ ನೀರುಗಂಟಿಗಳು, ಊರಿನದೇ ನಿಧಿ, ಊರ ಸಭೆಯ ತೀರ್ಮಾನ ಇವು ಕಾಲುವೆಯ ಕೊನೆಯ ಭಾಗದ ಊರುಗಳಲ್ಲಿಯೇ ಹೆಚ್ಚು ಗಟ್ಟಿಯಾಗಿದ್ದವು ಎಂಬುದು ಅವರು ಕಂಡ ಸತ್ಯ. ಕೊರತೆಯುಳ್ಳ ಕಡೆಯೇ ಕಟ್ಟುಪಾಡು ಹುಟ್ಟುತ್ತದೆ.

ಕನ್ನಡದ ಅರಳಿಕಟ್ಟೆ

ಕನ್ನಡ ಗಣಕೀಕರಣದ ಇತಿಹಾಸದಲ್ಲಿ ಉಚಿತ ಮತ್ತು ಮುಕ್ತ ಎಂಬ ಎರಡು ಪದಗಳ ನಡುವಿನ ಅಂತರವನ್ನು ಗಮನಿಸಬೇಕು. 1998ರಲ್ಲಿ ಶೇಷಾದ್ರಿವಾಸು ರೂಪಿಸಿದ 'ಬರಹ' ತಂತ್ರಾಂಶ ಉಚಿತವಾಗಿ ದೊರೆತು ಲಕ್ಷಾಂತರ ಕನ್ನಡಿಗರಿಗೆ ನೆರವಾಯಿತು, ಆದರೆ ಅದರ ಮೂಲ ಸಂಕೇತ ಸಾರ್ವಜನಿಕವಾಗಿರಲಿಲ್ಲ. ಸರಕಾರದ ಆಶ್ರಯದಲ್ಲಿ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ತಂದಿತು. ಸಾರ್ವಜನಿಕ ಹಣದಿಂದ ಆದ ತಂತ್ರಾಂಶದ ಹೊಣೆಗಾರಿಕೆಯನ್ನು ಕುರಿತು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕಟುವಾಗಿಯೇ ಪ್ರಶ್ನೆಯೆತ್ತಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ 'ಕುವೆಂಪು ಕನ್ನಡ ತಂತ್ರಾಂಶ' ಹೊರಬರಲು ಅವರ ಒತ್ತಾಸೆಯೂ ಕಾರಣವಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವಂತೂ ಯಾವ ಶುಲ್ಕವೂ ಇಲ್ಲದೆ ನಾಡಿನ ಸೊತ್ತಾಯಿತು. ಅಕ್ಷರ ಸಂಕೇತಗಳ ಗೊಂದಲ ಮಾತ್ರ ಬಹುಕಾಲ ಉಳಿಯಿತು. ಕರ್ನಾಟಕ ಸರಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ.

ಈ ನಡುವೆ ಯಾವ ಆದೇಶಕ್ಕೂ ಕಾಯದೆ ಯೂನಿಕೋಡಿನಲ್ಲಿ ಬರೆಯತೊಡಗಿದವರು ಕನ್ನಡ ವಿಕಿಪೀಡಿಯದ ಸ್ವಯಂಸೇವಕರು. ಹರಿಪ್ರಸಾದ್ ನಾಡಿಗ್ ಅವರಂಥ ಯುವ ತಂತ್ರಜ್ಞರು ಆರಂಭದ ವರ್ಷಗಳಲ್ಲಿ ಅದನ್ನು ಬೆಳೆಸಿದರು. ಇಂದು ಅಲ್ಲಿರುವ ಲೇಖನಗಳ ಸಂಖ್ಯೆ ಮೂವತ್ತು ಸಾವಿರವನ್ನು ದಾಟಿದೆ. ಅದನ್ನು ನಡೆಸುವ ಮೀಡಿಯಾವಿಕಿ ಮುಕ್ತ ತಂತ್ರಾಂಶವೇ ಆಗಿದ್ದು, ಅದರ ಪರದೆಯ ಮೇಲಿನ ಕನ್ನಡ ಪದಗಳನ್ನೂ ಸ್ವಯಂಸೇವಕರೇ ಅನುವಾದಿಸಿದ್ದಾರೆ.

ಇದರ ಆಡಳಿತ ವಿಧಾನ ಸರಳವಾದುದು. ಪ್ರತಿ ಪುಟದ ಹಿಂದೆ ಎರಡು ಪುಟಗಳಿರುತ್ತವೆ. ಒಂದು 'ಚರ್ಚೆ', ಇನ್ನೊಂದು 'ಇತಿಹಾಸ'. ಇತಿಹಾಸದ ಪುಟದಲ್ಲಿ ಪ್ರತಿಯೊಂದು ಬದಲಾವಣೆಯ ದಿನ, ವೇಳೆ, ಮಾಡಿದವರ ಹೆಸರು ಉಳಿಯುತ್ತವೆ. ಹಳೆಯ ಪಾಠವನ್ನು ಮರಳಿ ತರಬಹುದು. ಗ್ರಂಥಸಂಪಾದನ ಶಾಸ್ತ್ರವನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಪಾಠಾಂತರಗಳೆಲ್ಲವೂ ಕಾಲಾನುಕ್ರಮದಲ್ಲಿ, ಲಿಪಿಕಾರನ ಹೆಸರಿನೊಂದಿಗೆ ದೊರೆಯುವ ಹಸ್ತಪ್ರತಿಯೊಂದನ್ನು ಊಹಿಸಿಕೊಂಡರೆ ಸಾಕು. ಪುಟವನ್ನು ಅಳಿಸುವ ಅಥವಾ ಸದಸ್ಯರನ್ನು ತಡೆಯುವ ಅಧಿಕಾರ ನಿರ್ವಾಹಕರಿಗಿದೆ. ಆ ಅಧಿಕಾರದ ಪ್ರತಿ ಬಳಕೆಯೂ ಸಾರ್ವಜನಿಕ ದಾಖಲೆಯಲ್ಲಿ ಮೂಡುತ್ತದೆ. ನಿರ್ವಾಹಕರನ್ನು ಆರಿಸುವುದೂ ಸಮುದಾಯವೇ.

ಈ ವ್ಯವಸ್ಥೆಗೆ ಮೊದಲ ದೊಡ್ಡ ಪರೀಕ್ಷೆ ಹೊರಗಿನಿಂದ ಬಂದಿತು. 2010ರ ಹೊತ್ತಿಗೆ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಲಕರಣೆಯ ನೆರವಿನಿಂದ, ಸಂಭಾವನೆ ಪಡೆದ ಅನುವಾದಕರ ಮೂಲಕ ಕನ್ನಡ, ತಮಿಳು, ತೆಲುಗು, ಹಿಂದಿ ಮುಂತಾದ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳ ಅನುವಾದಗಳನ್ನು ಸೇರಿಸಿತು. ಲೇಖನಗಳ ಗಾತ್ರ ಬೆಳೆಯಿತು. ಕೃತಕ ವಾಕ್ಯರಚನೆ, ಸ್ಥಳೀಯ ಓದುಗರಿಗೆ ಅಷ್ಟೇನೂ ಬೇಡದ ವಿಷಯಗಳು, ತಿದ್ದುವ ಹೊಣೆ ಯಾರದು ಎಂಬ ಅಸ್ಪಷ್ಟತೆ ಅದರ ಜೊತೆಗೇ ಬಂದವು. ತಮಿಳು ಸಮುದಾಯ ಈ ಕೆಲಸವನ್ನು ವಿಮರ್ಶಿಸಿ, ಷರತ್ತುಗಳನ್ನು ಮುಂದಿಟ್ಟಿತು. ಪೋಲೆಂಡಿನ ಗ್ಡಾನ್ಸ್ಕ್ ನಗರದಲ್ಲಿ 2010ರಲ್ಲಿ ನಡೆದ ವಿಕಿಮೇನಿಯಾ ಸಮ್ಮೇಳನದಲ್ಲಿ ಆ ವಿಮರ್ಶೆ ಮಂಡನೆಯಾಯಿತು. ಬಂಗಾಳಿ ಸಮುದಾಯವೂ ಪ್ರತಿರೋಧ ತೋರಿತು. ಕನ್ನಡದಲ್ಲಿ ಸೇರಿದ ಲೇಖನಗಳು ಉಳಿದುಕೊಂಡು, ಅವುಗಳನ್ನು ಹಸನುಗೊಳಿಸುವ ಭಾರ ಸ್ವಯಂಸೇವಕರ ಹೆಗಲಿಗೆ ಬಿದ್ದಿತು.

ಇಲ್ಲಿ ಗುಟ್ಟೇನೂ ಇರಲಿಲ್ಲ. ಪ್ರತಿ ಅನುವಾದವೂ ಇತಿಹಾಸದ ಪುಟದಲ್ಲಿ ದಾಖಲಾಗಿತ್ತು. ಕೊರತೆಯಿದ್ದುದು ಉತ್ತರದಾಯಿತ್ವದಲ್ಲಿ. ಅನುವಾದಕರು ಉತ್ತರ ಹೇಳಬೇಕಾದುದು ತಮಗೆ ಹಣ ಕೊಟ್ಟವರಿಗೆ, ಅರಳಿಕಟ್ಟೆಗೆ ಅಲ್ಲ. ಸಂಖ್ಯಾಬಲವುಳ್ಳ ಸಮುದಾಯಗಳು ಪ್ರಶ್ನೆ ಕೇಳಿದವು, ಕೆಲವೇ ಜನರಿದ್ದ ಸಮುದಾಯಗಳಿಗೆ ಕೇಳುವಷ್ಟು ಕೈಗಳಿರಲಿಲ್ಲ. ದಾಖಲೆ ತೆರೆದಿದ್ದರೂ ಓದಿ ಪ್ರಶ್ನಿಸುವವರಿಲ್ಲದಿದ್ದರೆ ಅದು ಕೇವಲ ಸಂಗ್ರಹವಾಗುತ್ತದೆ.

ತೆರೆದ ಲೆಕ್ಕ, ಮರೆಯಾದ ಕೈ

ಪಾರದರ್ಶಕತೆಗೆ ಇನ್ನೊಂದು ಮಿತಿಯೂ ಉಂಟೆಂಬುದನ್ನು ಡೆಬಿಯನ್ ಸಮುದಾಯ ಈಚಿನ ವರ್ಷಗಳಲ್ಲಿ ಕಂಡುಕೊಂಡಿತು. ನಾಯಕರ ಚುನಾವಣೆಯಲ್ಲಿ ಅಲ್ಲಿ ಮೊದಲಿನಿಂದಲೂ ಗೋಪ್ಯ ಮತದಾನವಿತ್ತು. ಸಾಮಾನ್ಯ ನಿರ್ಣಯಗಳಲ್ಲಿ ಮಾತ್ರ ಯಾರು ಯಾವ ಮತ ನೀಡಿದರೆಂಬುದನ್ನು ಹೆಸರಿನೊಂದಿಗೆ ಪ್ರಕಟಿಸಲಾಗುತ್ತಿತ್ತು. 2021ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಆಡಳಿತ ಮಂಡಳಿಗೆ ಮರಳಿದ್ದನ್ನು ಕುರಿತು ನಿಲುವು ತಳೆಯಬೇಕೇ ಎಂಬ ವಿಷಯ ಮತಕ್ಕೆ ಬಂದಿತು. ಚರ್ಚೆ ತೀವ್ರವಾಗಿತ್ತು. ಸಮುದಾಯವಾಗಿ ಯಾವ ಹೇಳಿಕೆಯನ್ನೂ ನೀಡುವುದಿಲ್ಲ ಎಂಬ ಆಯ್ಕೆ ಗೆದ್ದಿತು. ಹೆಸರು ಬಯಲಾದರೆ ಕಿರುಕುಳಕ್ಕೆ ಗುರಿಯಾಗಬೇಕಾದೀತೆಂಬ ಆತಂಕ ಸದಸ್ಯರಲ್ಲಿ ಉಳಿಯಿತು. 2022ರಲ್ಲಿ ಇನ್ನೊಂದು ನಿರ್ಣಯದ ಮೂಲಕ, ಮತ ನೀಡಿದವರ ಗುರುತನ್ನು ಮರೆಮಾಡಲು ಅದೇ ಸಮುದಾಯ ತೀರ್ಮಾನಿಸಿತು.

ದೋಷವನ್ನು ಮುಚ್ಚಿಡುವುದಿಲ್ಲವೆಂದು ಬರೆದುಕೊಟ್ಟವರೇ ಮತವನ್ನು ಮುಚ್ಚಿಡಲು ಒಪ್ಪಿದ್ದು ಮೇಲ್ನೋಟಕ್ಕೆ ವಿರೋಧಾಭಾಸದಂತೆ ತೋರಬಹುದು. ನಮ್ಮ ಊರ ದೈವವನ್ನು ಬಲ್ಲವರಿಗೆ ಇದರಲ್ಲಿ ವಿರೋಧ ಕಾಣದು. ಗೌಡನ ಎದುರಿಗೆ ಕೈ ಎತ್ತಬೇಕಾದ ಸಭೆಯಲ್ಲಿ ಅವನ ಹೊಲದಲ್ಲಿ ದುಡಿಯುವವನ ಕೈ ಯಾವ ಕಡೆಗೆ ಏಳುತ್ತದೆ ಎಂಬುದು ಮೊದಲೇ ಗೊತ್ತಿರುವ ಸಂಗತಿ. ಬಲವುಳ್ಳವರ ಕೆಲಸ ಬೆಳಕಿನಲ್ಲಿರಬೇಕು, ಬಲವಿಲ್ಲದವರ ಮತಕ್ಕೆ ಮರೆ ಬೇಕು. ಅಧಿಕಾರ, ಹಣ ಮತ್ತು ತೀರ್ಮಾನಗಳ ಲೆಕ್ಕ ಬಯಲಾಗುವುದು ಪಾರದರ್ಶಕತೆ. ಭಿನ್ನಾಭಿಪ್ರಾಯ ಉಳ್ಳವರನ್ನು ಬಯಲಿಗೆಳೆಯುವುದು ಪಾರದರ್ಶಕತೆಯ ವೇಷ ತೊಟ್ಟ ದಬ್ಬಾಳಿಕೆ.

2024ರ ಎಕ್ಸ್‌ಝಡ್ ಪ್ರಕರಣ ಇನ್ನೊಂದು ಬಗೆಯ ಎಚ್ಚರಿಕೆಯನ್ನು ನೀಡಿತು. ಕಡತಗಳನ್ನು ಕುಗ್ಗಿಸುವ ಈ ಸಣ್ಣ ತಂತ್ರಾಂಶವನ್ನು ಲಾಸ್ಸೆ ಕೊಲಿನ್ ಎಂಬ ಸ್ವಯಂಸೇವಕರೊಬ್ಬರು ಬಹುಕಾಲ ನೋಡಿಕೊಳ್ಳುತ್ತಿದ್ದರು. 'ಜಿಯಾ ತಾನ್' ಎಂಬ ಹೆಸರಿನಲ್ಲಿ ಬಂದವರು ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಹೊಣೆಗಾರಿಕೆಯಲ್ಲಿ ಪಾಲು ಪಡೆದು, ಕೊನೆಗೆ ಕಳ್ಳಬಾಗಿಲೊಂದನ್ನು ಅದರೊಳಗೆ ಅಡಗಿಸಿದರು. ಅದನ್ನು ಚಾಲನೆಗೊಳಿಸುವ ಭಾಗ ಸಾರ್ವಜನಿಕ ಆಕರ ಭಂಡಾರದಲ್ಲಿರಲಿಲ್ಲ, ಹಂಚಿಕೆಗೆ ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಓದಿದ ಪಟ್ಟಿ ಒಂದು, ಚೀಲದೊಳಗಿನ ಸರಕು ಇನ್ನೊಂದು. ದೂರದ ಗಣಕಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರೂಂಡ್ ಎಂಬ ತಂತ್ರಜ್ಞರು ಬೆನ್ನುಹತ್ತಿ ಹುಡುಕಿ, 2024ರ ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಆಕರ ತೆರೆದಿದ್ದುದರಿಂದಲೇ ಅವರಿಗೆ ಹುಡುಕಲು ಸಾಧ್ಯವಾಯಿತು. ಆದರೆ ಜಗತ್ತಿನ ಲೆಕ್ಕವಿಲ್ಲದಷ್ಟು ಗಣಕಗಳು ನೆಚ್ಚಿಕೊಂಡ ಕೆಲಸವನ್ನು ದಣಿದ ಒಬ್ಬ ವ್ಯಕ್ತಿಯ ಹೆಗಲ ಮೇಲೆ ಬಿಟ್ಟಿದ್ದರ ಫಲವೂ ಇದೇ ಆಗಿತ್ತು. ಸ್ವಯಂಸೇವೆಯ ಮೇಲೆ ಬದುಕುವ ಸಮಾಜ ಸ್ವಯಂಸೇವಕನ ದಣಿವಿನ ಲೆಕ್ಕವನ್ನೂ ಇಡಬೇಕಾಗುತ್ತದೆ.

ಮಸ್ಕಿಯ ಬಂಡೆ ಮತ್ತು ಕಾಲುವೆಯ ಕೊನೆ

ಈ ಚರ್ಚೆಯನ್ನು ಮತ್ತೆ ನಮ್ಮ ಸೀಮೆಗೆ ತಂದು ನೋಡುವುದು ಅಗತ್ಯ. ಮಸ್ಕಿಯ ಅಶೋಕನ ಶಾಸನವನ್ನು ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಗುರುತಿಸಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅಶೋಕ ಎಂಬ ಹೆಸರನ್ನೇ ಹೇಳುವುದರಿಂದ ಆ ಬಂಡೆಗೆ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು, ಈ ಮಾತನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಆಶಯ. ಮುಕ್ತ ಸಮುದಾಯಗಳ ಆಶಯವೂ ಇದಕ್ಕಿಂತ ಭಿನ್ನವಾದುದಲ್ಲ. ಆದರೆ ಆ ಮಾತು ಬಯಲಿನಲ್ಲಿದ್ದೂ, ಲಿಪಿಯ ಅರಿವು ಅಳಿದ ಬಳಿಕ ಶತಮಾನಗಳ ಕಾಲ ಓದುಗರಿಲ್ಲದೆ ಉಳಿಯಿತು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದಾಗ ಈ ಭಾಗದ ಕನ್ನಡ ರೈತನಿಗೆ ತನ್ನ ಹೊಲದ ಕಾಗದಗಳೂ ಅಷ್ಟೇ ಅಪರಿಚಿತವಾಗಿದ್ದವು. ಇಂದು ಇಂಗ್ಲಿಷಿನಲ್ಲಿ ನಡೆಯುವ ತಂತ್ರಾಂಶ ಚರ್ಚೆಗಳ ಸಾರ್ವಜನಿಕ ದಾಖಲೆ ಸಾಲಗುಂದದ ಓದುಗರ ಪಾಲಿಗೆ ಅಂಥದೇ ಮತ್ತೊಂದು ಬಂಡೆ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಸಿಂಧನೂರಿನ ಬದುಕನ್ನು ಬದಲಿಸಿತು. ಕಾಲುವೆಯ ಮೇಲ್ಭಾಗದವರಿಗೆ ನೀರು ಮೊದಲು, ಕೊನೆ ಭಾಗದವರಿಗೆ ಉಳಿದರೆ ಉಂಟು ಎಂಬುದು ಈ ಸೀಮೆಯ ನಿತ್ಯದ ಕೊರಗು. ಜ್ಞಾನದ ಕಾಲುವೆಗೂ ಕೊನೆ ಭಾಗವಿದೆ. ವಿಕಿಪೀಡಿಯದ ನಿಯಮದಂತೆ ಪ್ರತಿ ಸಂಗತಿಗೂ ಪ್ರಕಟಿತ ಆಧಾರ ಬೇಕು. ಸುಳ್ಳನ್ನು ತಡೆಯಲು ಈ ನಿಯಮ ಅವಶ್ಯಕವಾದರೂ ಮುದ್ರಣವನ್ನು ಕಾಣದ ತಿಳಿವಳಿಕೆಗೆ ಅದೇ ತಡೆಗೋಡೆಯಾಗುತ್ತದೆ. ಅಕ್ಷರ ಕಲಿಯದೆ ಸಾವಿರಾರು ಸಾಲುಗಳ ಕಾವ್ಯಗಳನ್ನು ನೆನಪಿನಲ್ಲಿಟ್ಟು ಹಾಡಿದ ದರೋಜಿ ಈರಮ್ಮನವರ ಅರಿವು ವಿಶ್ವವಿದ್ಯಾಲಯವೊಂದು ಅದನ್ನು ಅಚ್ಚು ಹಾಕಿಸುವವರೆಗೆ ಆಧಾರವೆನಿಸಿಕೊಳ್ಳುವುದಿಲ್ಲ. ಈ ತೊಡಕನ್ನು ಎದುರಿಸಲು ಅಚಲ್ ಪ್ರಭಲ ಅವರು 2011ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಮೌಖಿಕ ಆಕರಗಳ ಪ್ರಯೋಗ ನಡೆಸಿದರು. ಧ್ವನಿಮುದ್ರಣವನ್ನೇ ಆಧಾರವಾಗಿ ಕೊಡುವ ಆ ಪ್ರಯತ್ನ ವಾದವಿವಾದಕ್ಕೆ ಒಳಗಾಯಿತು, ಪ್ರಶ್ನೆ ಮಾತ್ರ ಜೀವಂತವಾಗಿದೆ.

ಜಾನಪದ ವಿದ್ವಾಂಸರಿಗೆ ಇದು ಹೊರಗಿನ ವಿಷಯವಲ್ಲ. ಮೈಸೂರು ವಿಶ್ವವಿದ್ಯಾಲಯವು 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ನೀಡಿತು. ಮುಂದೆ ಅಕಾಡೆಮಿ, ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿರುವ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳೂ ಹೀಗೆಯೇ ಹೊರಬರಬಹುದು, ಬರಲೂ ಬೇಕು. ಆಗ ಬೀಸುವ ಕಲ್ಲಿನ ಮುಂದೆ ಹಾಡಿದ ಹೆಣ್ಣುಮಗಳು ಬರಿಯ 'ವಕ್ತೃ' ಎಂಬ ಪದದೊಳಗೆ ಕರಗಿಹೋಗಬಾರದು. ಆಕೆ ಬಯಸಿದರೆ ಆಕೆಯ ಹೆಸರು ಪ್ರತಿ ನಕಲಿನೊಂದಿಗೂ ಸಾಗಬೇಕು, ಬಯಸದಿದ್ದರೆ ಮರೆಯಾಗಿರಬೇಕು. ಹೊರಗಿನವರು ಕೇಳಬಾರದ ಆಚರಣೆಯ ಹಾಡನ್ನು ತಡೆಹಿಡಿಯುವ ಅಧಿಕಾರ ಹಾಡಿದವರಲ್ಲಿ ಉಳಿಯಬೇಕು. ಸಂಗ್ರಹಕಾರ ಮಾಡಿದ ತಿದ್ದುಪಡಿಗಳು ಇತಿಹಾಸದ ಪುಟದಲ್ಲಿ ಕಾಣುವಂತಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಯಾವ ಊರಿನಿಂದ ಏನನ್ನು ಒಯ್ದೆವು, ಅದು ಈಗ ಎಲ್ಲಿದೆ ಎಂಬ ಲೆಕ್ಕವನ್ನು ಅದೇ ಊರಿನಲ್ಲಿ, ಅವರ ಮಾತಿನಲ್ಲಿ, ಗಟ್ಟಿಯಾಗಿ ಓದಬೇಕು. ಗ್ರಾಮ ಪಂಚಾಯತಿಗಳಿಗೆ ಜಮಾಬಂದಿ ಕಡ್ಡಾಯವಾಗಿರುವಾಗ ಊರಿನ ನೆನಪುಗಳನ್ನು ಒಯ್ಯುವ ಸಂಸ್ಥೆಗಳಿಗೆ ಅದು ಯಾಕೆ ಬೇಡ?

ಒಟ್ಟಿನಲ್ಲಿ ಹೇಳುವುದಾದರೆ, ಸ್ವಯಂಸೇವಾ ಸಮುದಾಯವನ್ನು ಹಿಡಿದು ನಿಲ್ಲಿಸುವುದು ತೆರೆದ ಲೆಕ್ಕ. ಅದನ್ನು ನ್ಯಾಯಯುತವಾಗಿಸುವುದು ಆ ಲೆಕ್ಕವನ್ನು ಓದಬಲ್ಲ, ಕೇಳಬಲ್ಲ, ಕೇಳಿದ್ದಕ್ಕೆ ಹೆದರಬೇಕಿಲ್ಲದ ಜನರ ಇರುವಿಕೆ. ಊರಿನ ಅರಳಿಕಟ್ಟೆಗೆ ಮೊದಲನೆಯದು ತಿಳಿದಿತ್ತು, ಎರಡನೆಯದನ್ನು ಅದು ಕಲಿಯಲಿಲ್ಲ. ಗಣಕದ ಅರಳಿಕಟ್ಟೆಗೆ ಇನ್ನೂ ಕಾಲ ಮಿಂಚಿಲ್ಲ. ಅದರ ಜಗಲಿಗೆ ಗೋಡೆಗಳಿಲ್ಲ, ಆದರೆ ಮೆಟ್ಟಿಲುಗಳು ಎತ್ತರವಾಗಿವೆ. ಕಾಲುವೆಯ ಕೊನೆಯ ಊರಿನವರು ಹತ್ತುವಷ್ಟು ಅವುಗಳನ್ನು ತಗ್ಗಿಸುವುದು ಈ ತಲೆಮಾರಿನ ತಂತ್ರಜ್ಞರ ಮತ್ತು ಜಾನಪದ ವಿದ್ವಾಂಸರ ಕೂಡು ಕೆಲಸವಾಗಬೇಕಾಗಿದೆ.